ಎಐ ಚಿತ್ರವನ್ನು ಸ್ಟಾಕ್‌ಗೆ ಕಳಿಸುವ ಮುಂಚೆ ಇಷ್ಟು ನೋಡಿ

ಕೊಡಗಿನ ಕಾಫಿ ತೋಟದ ಎಐ ಚಿತ್ರ ಮಾಡಿ ಸ್ಟಾಕ್‌ಗೆ, ಅಂದರೆ ಚಿತ್ರ ಮಾರುವ ವೆಬ್‌ಸೈಟ್‌ಗಳಿಗೆ, ಹಾಕುವವರು ನಮ್ಮ ಗುಂಪಿನಲ್ಲಿ ಜಾಸ್ತಿ ಆಗಿದ್ದೀರಿ. ಕಳಿಸುವ ಮುಂಚೆ ಕಂಪ್ಯೂಟರ್‌ನಲ್ಲಿ ಶೇ 100ಕ್ಕೆ ಜೂಮ್ ಮಾಡಿ, ಎಐ ಎಲ್ಲಾದರೂ ತಪ್ಪು ಮಾಡಿದೆಯಾ ಅಂತ ಮೂಲೆಯಿಂದ ಮೂಲೆಗೆ ನಿಧಾನವಾಗಿ ನೋಡಿ. ಫೋನಿನಲ್ಲಿ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ.

ಬೆರಳು, ಹಲ್ಲು, ಬೋರ್ಡಿನ ಮೇಲಿನ ಅರ್ಥವಿಲ್ಲದ ಅಕ್ಷರ, ಇವನ್ನು ಎಲ್ಲರೂ ನೋಡುತ್ತಾರೆ. ಗಿಡದ ಕಡೆ ಗಮನ ಹೋಗುವುದು ಕಡಿಮೆ. ಕಾಫಿ ಎಲೆ ಎದುರುಬದುರು ಜೋಡಿಯಾಗಿ ಬರುತ್ತದೆ. ಹಣ್ಣು ಆ ಎಲೆಗಳ ಬುಡದಲ್ಲಿ, ರೆಂಬೆಗೆ ಅಂಟಿಕೊಂಡೇ ಇರುತ್ತದೆ. ಎಐ ಕೆಲವೊಮ್ಮೆ ಅದನ್ನು ದ್ರಾಕ್ಷಿ ಗೊಂಚಲಿನ ಹಾಗೆ ತೂಗುಬಿಡುತ್ತದೆ. ಕರಿಮೆಣಸಿನ ಬಳ್ಳಿಗೆ ಆಸರೆ ಇದೆಯಾ ನೋಡಿ. ಕೊಡವ ಸೀರೆಯ ನೆರಿಗೆ ಹಿಂದೆ ಇರಬೇಕು. ಮುಂದೆ ಬಂದಿದ್ದರೆ ಆ ಚಿತ್ರಕ್ಕೆ ‘ಕೊಡವ’ ಅಂತ ಕೀವರ್ಡ್ (ಹುಡುಕುವ ಪದ) ಹಾಕಲೇಬೇಡಿ. ನಮ್ಮೂರಿನ ಉಡುಗೆಯನ್ನು ನಾವೇ ತಪ್ಪಾಗಿ ತೋರಿಸಬಾರದು, ಅಲ್ವಾ?

ಸಣ್ಣ ತಪ್ಪಿಗೆ ಫೋಟೋಶಾಪ್‌ನಲ್ಲಿ ತಪ್ಪು ಮುಚ್ಚುವ ಕ್ಲೋನ್ ಸ್ಟಾಂಪ್, ಹೀಲಿಂಗ್ ಬ್ರಷ್ ಟೂಲ್‌ಗಳು ಸಾಕು. ಕೈ ಪೂರ್ತಿ ಕೆಟ್ಟಿದ್ದರೆ ಆ ಭಾಗ ಮಾತ್ರ ಆಯ್ದು ಫೋಟೋಶಾಪ್‌ನದೇ ಎಐ ಟೂಲ್ ಆದ ಜನರೇಟಿವ್ ಫಿಲ್‌ನಲ್ಲಿ ಮತ್ತೆ ಮಾಡಿಸಿ. ಅಪ್‌ಸ್ಕೇಲ್ (ಚಿತ್ರದ ಗಾತ್ರ ಹೆಚ್ಚಿಸುವುದು) ಕೊನೆಗೆ ಮಾಡಿ, ಇಲ್ಲದಿದ್ದರೆ ಚಿತ್ರದ ಜೊತೆ ತಪ್ಪೂ ದೊಡ್ಡದಾಗುತ್ತದೆ.

ಅಡೋಬಿ ಸ್ಟಾಕ್‌ಗೆ ಕನಿಷ್ಠ 4 ಮೆಗಾಪಿಕ್ಸೆಲ್‌ನ ಜೆಪೆಗ್ ಬೇಕು. ಎಐ ಬಳಸಿ ಮಾಡಿದ್ದು ಎಂದು ಅಲ್ಲಿ ಟಿಕ್ ಹಾಕಲೇಬೇಕು. ಶಟರ್‌ಸ್ಟಾಕ್, ಗೆಟ್ಟಿ ಇಮೇಜಸ್ ನಮ್ಮಂಥವರಿಂದ ಎಐ ಚಿತ್ರ ತೆಗೆದುಕೊಳ್ಳುವುದಿಲ್ಲ. ಸುಮ್ನೆ ಅಲ್ಲಿಗೆ ಕಳಿಸಿ ಖಾತೆಗೆ ತೊಂದರೆ ತಂದುಕೊಳ್ಳಬೇಡಿ.