ಬರ್ಫರ್ಡ್ ಚರ್ಚಿನ ನಕ್ಷೆಗೆ ಬಣ್ಣ ತುಂಬಿದ್ದು

ಹಳೆಯ ಚರ್ಚಿನ ವಯಸ್ಸು ತಿಳಿಯಬೇಕೆಂದರೆ ಎಲ್ಲರ ಕಣ್ಣೂ ಮೊದಲು ಕಿಟಕಿಗೆ ಹೋಗುತ್ತದೆ. ನಾನು ಕಿಟಕಿಗಳನ್ನು ಕೊನೆಗೆ ಇಟ್ಟುಕೊಂಡೆ. ದುಡ್ಡಿದ್ದ ಯಾವ ತಲೆಮಾರಾದರೂ ಹಳೆಯ ಗೋಡೆ ಒಡೆದು ಹೊಸ ಕಿಟಕಿ ಕೂರಿಸಿಬಿಡಬಹುದು. ಗೋಡೆಗೆ ಗೋಡೆ ಸೇರುವ ಜಾಗ ಅಷ್ಟು ಸುಲಭಕ್ಕೆ ಬದಲಾಗುವುದಿಲ್ಲ.

ನಾನು ಕೈಗೆತ್ತಿಕೊಂಡದ್ದು ಆಕ್ಸ್‌ಫರ್ಡಿನ ಪಶ್ಚಿಮಕ್ಕೆ, ವಿಂಡ್‌ರಶ್ ನದಿಯ ಪಕ್ಕದ ಬರ್ಫರ್ಡ್ ಊರಿನ ಸೇಂಟ್ ಜಾನ್ ದ ಬ್ಯಾಪ್ಟಿಸ್ಟ್ ಚರ್ಚು. ಕೆಲಸ ಇಷ್ಟೇ: ಒಂದು ತಳನಕ್ಷೆ ಹಾಕಿ, ಯಾವ ಗೋಡೆ ಯಾವ ಕಾಲದ್ದೋ ಆ ಕಾಲಕ್ಕೊಂದು ಬಣ್ಣ ತುಂಬುವುದು. ಜೊತೆಗೆ ಟೇಪು, ದುರ್ಬೀನು, ಟಾರ್ಚು. ಟಾರ್ಚನ್ನು ಗೋಡೆಗೆ ತಾಗಿಸಿದ ಹಾಗೆ ಓರೆಯಾಗಿ ಹಿಡಿಯಬೇಕು. ಆಗ ಉಳಿಯ ಗುರುತುಗಳು ಎದ್ದು ಕಾಣುತ್ತವೆ. ಕೊಡಲಿಯಿಂದ ಓರೆಗೆರೆಯಾಗಿ ಕೆತ್ತಿದ್ದರೆ ಬಹುಪಾಲು ನಾರ್ಮನ್ ಕೆಲಸ, ಅಂದರೆ 1066ರಲ್ಲಿ ಫ್ರಾನ್ಸಿನಿಂದ ಬಂದು ಇಂಗ್ಲೆಂಡನ್ನು ಗೆದ್ದವರ ಕಾಲದ್ದು.

ಕಪ್ಪು ಬಣ್ಣ ನಡುಗೋಪುರಕ್ಕೆ ಹೋಯಿತು. ಹನ್ನೆರಡನೇ ಶತಮಾನದ ಗೋಪುರ ಅದು. ಹೊರಗೆ ನಿಂತು ನೋಡಿದರೆ ಅರ್ಧವೃತ್ತದ ಕಮಾನುಗಳ ಸಾಲು ಸ್ಪಷ್ಟ. ಅದರ ಮೇಲೆ ಹದಿನೈದನೇ ಶತಮಾನದವರು ಇನ್ನೊಂದು ಅಂತಸ್ತು ಕಟ್ಟಿ, ಚೂಪಾದ ಕಲ್ಲಿನ ಶಿಖರವನ್ನೂ ಏರಿಸಿದರು. ಉಣ್ಣೆ ವ್ಯಾಪಾರದ ಹಣ ಹರಿದಾಡುತ್ತಿದ್ದ ಕಾಲ. ಕೆಳಗಿನ ಕಂಬಗಳು ಇಷ್ಟು ಭಾರಕ್ಕೆಂದು ಕಟ್ಟಿದವಲ್ಲ. ಒಳಗೆ ಗೋಪುರದಡಿ ನಿಂತು ತಲೆಯೆತ್ತಿದರೆ, ಭಾರ ತಡೆಯಲೆಂದು ಆಮೇಲೆ ಸೇರಿಸಿದ ಕಲ್ಲು ಕಾಣುತ್ತದೆ. ಮೇಲಿನ ಶಿಖರಕ್ಕೆ ಹಾಕಿದ ಬಣ್ಣವನ್ನೇ ಈ ತೇಪೆಗೂ ಹಾಕಿದೆ. ನಕ್ಷೆಯಲ್ಲಿ ನನಗೆ ತುಂಬಾ ಇಷ್ಟವಾದ ಭಾಗ ಇದು: ಶಿಖರವನ್ನು ತೋರಿಸಲಾಗದ ತಳನಕ್ಷೆಯಲ್ಲೂ ಅದರ ಭಾರ ಎಲ್ಲಿ ಇಳಿಯಿತೆಂದು ತಿಳಿಯುತ್ತದೆ.

ಹೆಚ್ಚು ಹೊತ್ತು ಹಿಡಿದದ್ದು ನೈರುತ್ಯದ ಲೇಡಿ ಚಾಪೆಲ್, ಅಂದರೆ ಮೇರಿ ಮಾತೆಯ ಹೆಸರಿನ ಪ್ರಾರ್ಥನಾ ಕೋಣೆ. ಅಳತೆ ಹಾಕುವಾಗ ಅದರ ಗೋಡೆ ಚರ್ಚಿನ ಗೋಡೆಗೆ ಸಮಾನಾಂತರವಾಗಿ ಕೂರಲೇ ಇಲ್ಲ. ಕಾರಣ ಸರಳ. ಅದು ವರ್ತಕರ ಗಿಲ್ಡಿನ (ಸಂಘದ) ಬೇರೆಯೇ ಕಟ್ಟಡವಾಗಿತ್ತು. ಹದಿನೈದನೇ ಶತಮಾನದಲ್ಲಿ ಚರ್ಚಿಗೆ ಸೇರಿಸಿಕೊಂಡರು. ದಕ್ಷಿಣದ ಮೂರಂತಸ್ತಿನ ಪೋರ್ಚೂ ಅದೇ ಶತಮಾನದ್ದು. ಜನ ಫೋಟೊ ತೆಗೆಯುವುದು ಅಲ್ಲೇ, ಆದರೆ ನಕ್ಷೆ ಬರೆಯುವವನಿಗೆ ಅದರಲ್ಲಿ ಗೊಂದಲವೇ ಇಲ್ಲ.

ಬಣ್ಣಕ್ಕೆ ಸಿಗದ ಗುರುತುಗಳೂ ಇವೆ. 1649ರ ಮೇ ತಿಂಗಳಲ್ಲಿ ಇಂಗ್ಲೆಂಡಿನ ಅಂತರ್ಯುದ್ಧದಲ್ಲಿ ರಾಜನ ವಿರುದ್ಧ ಗೆದ್ದ ಸೇನಾನಿ ಕ್ರಾಮ್‌ವೆಲ್‌ನ ಪಡೆ, ತನ್ನೊಳಗೇ ದಂಗೆಯೆದ್ದ ಲೆವೆಲರ್ (ಸಮಾನ ಹಕ್ಕು ಕೇಳುತ್ತಿದ್ದ ಗುಂಪಿನ) ಸೈನಿಕರನ್ನು ಇದೇ ಚರ್ಚಿನೊಳಗೆ ಕೂಡಿಹಾಕಿ, ಮೂವರನ್ನು ಹೊರಗೆ ಗುಂಡಿಟ್ಟು ಕೊಂದಿತು. ಸೆರೆಯಲ್ಲಿದ್ದ ಆಂಟನಿ ಸೆಡ್ಲಿ ಎಂಬವನು ದೀಕ್ಷಾಸ್ನಾನದ ತೊಟ್ಟಿಯ ಸೀಸದ ಮೇಲೆ ತನ್ನ ಹೆಸರು, ಇಸವಿ, ‘ಕೈದಿ’ ಎಂಬ ಪದ ಕೊರೆದಿದ್ದಾನೆ. ಇಡೀ ಚರ್ಚಿನಲ್ಲಿ ಕಾಲ ಊಹಿಸುವ ಕೆಲಸ ತಪ್ಪಿಸಿದವನು ಇವನೇ!

ಕೊನೆಯ ಬಣ್ಣ 1870ರ ದಶಕದ ಜೀರ್ಣೋದ್ಧಾರಕ್ಕೆ. ಅದನ್ನು ನಡೆಸಿದ ವಾಸ್ತುಶಿಲ್ಪಿ ಜಿ. ಇ. ಸ್ಟ್ರೀಟ್. 1876ರಲ್ಲಿ ಇಲ್ಲಿಗೆ ಬಂದ ಕವಿ, ವಿನ್ಯಾಸಕಾರ ವಿಲಿಯಂ ಮಾರಿಸ್ ಆ ಕೆಲಸ ನೋಡಿ ಸಿಡಿದೆದ್ದ. ‘ಚರ್ಚು ನನ್ನದು, ಬೇಕಾದರೆ ಅದರೊಳಗೆ ತಲೆಕೆಳಗಾಗಿ ನಿಲ್ಲುತ್ತೇನೆ’ ಎಂದು ಪಾದ್ರಿ ಉತ್ತರ ಕೊಟ್ಟರಂತೆ. ಮರುವರ್ಷವೇ ಮಾರಿಸ್ ಪುರಾತನ ಕಟ್ಟಡಗಳ ರಕ್ಷಣಾ ಸಂಘ ಕಟ್ಟಿದ. ಗೋಡೆ ಕೆರೆದು ‘ಹಳೆಯದು’ ಮಾಡುವುದರ ವಿರುದ್ಧ ಹುಟ್ಟಿದ ಆ ಸಂಘಕ್ಕೆ ‘ಆಂಟಿ-ಸ್ಕ್ರೇಪ್’ ಎಂಬ ಅಡ್ಡಹೆಸರೂ ಬಿತ್ತು. ನಾನು ಮಾರಿಸನ ಪಕ್ಷ. ಆದರೂ ಸ್ಟ್ರೀಟನ ಕೆಲಸಕ್ಕೂ ಉಳಿದವಕ್ಕೆ ಕೊಟ್ಟಷ್ಟೇ ಗಾಢವಾದ ಬಣ್ಣ ಕೊಟ್ಟೆ. ಅದಕ್ಕೂ ಈಗ ನೂರೈವತ್ತರ ಹತ್ತಿರ ವಯಸ್ಸು.