ಕಾರಿನ ಚಿತ್ರಕ್ಕೆ ಪೋಲರೈಸರ್: ಒಂದಲ್ಲ, ಎರಡು ತಿರುವು

ಕ್ಯಾಮೆರಾವನ್ನು ಟ್ರೈಪಾಡಿನ ಮೇಲೆ ಕದಲದಂತೆ ನಿಲ್ಲಿಸಿ, ಲೆನ್ಸಿನ ಮುಂದಿನ ಸರ್ಕ್ಯುಲರ್ ಪೋಲರೈಸರನ್ನು (ಪ್ರತಿಫಲನದ ಹೊಳಪನ್ನು ತಡೆಯುವ, ತಿರುಗಿಸಬಲ್ಲ ಫಿಲ್ಟರ್) ಮೊದಲು ಬಾನೆಟ್ ಮತ್ತು ಮುಂಗಾಜಿನ ಪ್ರತಿಬಿಂಬ ಅಳಿಯುವಂತೆ, ಬಳಿಕ ಬಾಗಿಲುಗಳ ಪ್ರತಿಬಿಂಬ ಅಳಿಯುವಂತೆ ತಿರುಗಿಸಿ, ಎಕ್ಸ್‌ಪೋಶರ್ (ಬೆಳಕಿನ ಪ್ರಮಾಣ) ಬದಲಿಸದೆ ಎರಡು ಚಿತ್ರಗಳನ್ನು ತೆಗೆದು, ಎಡಿಟಿಂಗಿನಲ್ಲಿ ಪದರಗಳಾಗಿಟ್ಟು ಮಾಸ್ಕ್ (ಪದರದ ಬೇಕಾದ ಭಾಗವನ್ನಷ್ಟೇ ತೋರಿಸುವ ಸಾಧನ) ಮೂಲಕ ಬೆಸೆಯಿರಿ. ಗಾಜಿನಿಂದಲೂ ಬಣ್ಣದ ಮೇಲಿನ ಪಾರದರ್ಶಕ ಲೇಪದಿಂದಲೂ ಓರೆಯಾಗಿ ಪ್ರತಿಫಲಿಸುವ ಬೆಳಕು ಬಹುಮಟ್ಟಿಗೆ ಧ್ರುವೀಕೃತವಾಗಿದ್ದು (ಅಂದರೆ ಅದರ ಅಲೆಗಳು ಒಂದೇ ದಿಕ್ಕಿನಲ್ಲಿ ಕಂಪಿಸುತ್ತಿದ್ದು), ಮೇಲ್ಮೈಗೆ ಸುಮಾರು 35 ಡಿಗ್ರಿ ಓರೆಯಿಂದ ನೋಡಿದಾಗ ಫಿಲ್ಟರ್ ಅದನ್ನು ಅತ್ಯಂತ ಚೆನ್ನಾಗಿ ತಡೆಯುತ್ತದೆ; ಆದರೆ ಧ್ರುವೀಕರಣದ ದಿಕ್ಕು ಮಲಗಿದ ಬಾನೆಟ್ಟಿಗೂ ನಿಂತ ಬಾಗಿಲಿಗೂ ಬೇರೆಯಾದ್ದರಿಂದ ಒಂದೇ ತಿರುವು ಎರಡಕ್ಕೂ ಸಾಲದು. ಮಳೆಗಾಲದಲ್ಲಿ ಕಾಸರಗೋಡಿನ ಬೇಕಲ ಕೋಟೆಯ ಬಳಿ ಬಿಳಿಚಿದ ಆಕಾಶವು ಬಾನೆಟ್ಟಿನ ಬಣ್ಣವನ್ನೆಲ್ಲ ನುಂಗುವಾಗ ಈ ಕ್ರಮ ಬಹಳ ಉಪಕಾರಿ, ಒದ್ದೆಯಾದ ಮುರಕಲ್ಲಿನ (ಲ್ಯಾಟರೈಟ್) ಕೆಂಪೂ ಇದರಿಂದ ಗಾಢವಾಗುತ್ತದೆ. ಲೋಹದ ಹೊಳಪು ಹೀಗೆ ಧ್ರುವೀಕೃತವಾಗದ ಕಾರಣ ಕ್ರೋಮ್ ಪಟ್ಟಿಗಳ ಮೇಲೆ ಇದು ನಡೆಯದು. ಪಕ್ಕದ ಟೆಂಪರ್ಡ್ (ಕಾಯಿಸಿ ಗಟ್ಟಿಗೊಳಿಸಿದ) ಗಾಜಿನಲ್ಲಿ ಕಲೆಗಳಂಥ ವಿನ್ಯಾಸ ಎದ್ದು ಕಾಣಬಹುದು, ಮತ್ತು ಒಂದರಿಂದ ಎರಡು ಸ್ಟಾಪ್ (ಒಂದು ಸ್ಟಾಪ್ ಎಂದರೆ ಬೆಳಕು ಅರ್ಧವಾಗುವುದು) ಬೆಳಕು ನಷ್ಟವಾಗುವುದರಿಂದ ಮುಸ್ಸಂಜೆಯಲ್ಲಿ ಶಟರ್ ನಿಧಾನವಾಗುತ್ತದೆ. ಚಲಿಸುವ ಕಾರಿಗೆ ಈ ಉಪಾಯ ಸಲ್ಲದು. ಬೆಸೆಯುವಾಗ ಪ್ರತಿಬಿಂಬವನ್ನು ಪೂರ್ತಿ ಅಳಿಸದೆ, ಕಾರಿನ ಮೈಮಾಟವನ್ನು ತೋರುವ ಭುಜರೇಖೆಯ (ಪಕ್ಕದ ಕಿಟಕಿಗಳ ಕೆಳಗೆ ಉದ್ದಕ್ಕೂ ಸಾಗುವ ಅಂಚಿನ) ಹೊಳಪನ್ನು ದಯವಿಟ್ಟು ಉಳಿಸಿಕೊಳ್ಳಿ.