ಕಲ್ಲಿದ್ದಲು ಗಣಿ ಕಂಪನಿ ಮಾಡಬೇಕೇ? ಕಾಗದಪತ್ರದ ದಾರಿ ಹೀಗಿದೆ

ಮುಂಬೈಯಲ್ಲಿ ಕಲ್ಲಿದ್ದಲು ಇಲ್ಲ. ಕರ್ನಾಟಕದಲ್ಲೂ ಇಲ್ಲ. ಆದರೂ ಕಳಂಬೋಲಿಯಲ್ಲಿ ಲಾರಿ ಇಟ್ಟುಕೊಂಡವರು, ಮಾಟುಂಗಾದಲ್ಲಿ ಹೋಟೆಲ್ ನಡೆಸುವವರು ಆಗಾಗ ಕೇಳುವ ಪ್ರಶ್ನೆ ಇದು: "ಚಂದ್ರಾಪುರದ ಕಡೆ ಗಣಿ ಹರಾಜು ಆಗುತ್ತಂತೆ. ನಾವು ನಾಲ್ಕು ಜನ ಸೇರಿ ಒಂದು ಕಂಪನಿ ಮಾಡಿದ್ರೆ ಹೇಗೆ ಸ್ವಾಮಿ?"

ಮಾಡಬಹುದು. ಹಿಂದಾಗಿದ್ದರೆ ಈ ಮಾತೇ ಬರುತ್ತಿರಲಿಲ್ಲ. 1973ರ ರಾಷ್ಟ್ರೀಕರಣದ ನಂತರ ಗಣಿಗಳೆಲ್ಲ ಬಹುಮಟ್ಟಿಗೆ ಸರ್ಕಾರದ ಕೈಯಲ್ಲೇ ಇದ್ದವು. ಆಮೇಲೆ ಖಾಸಗಿಯವರಿಗೆ ಕೊಟ್ಟಿದ್ದೂ ಅವರ ಸ್ವಂತ ಉಕ್ಕು, ಸಿಮೆಂಟ್, ವಿದ್ಯುತ್ ಕಾರ್ಖಾನೆಗಳಿಗೆ ಮಾತ್ರ. ಹಾಗೆ ಹಂಚಿದ ಗಣಿಗಳಲ್ಲಿ 204ನ್ನು ಸುಪ್ರೀಂ ಕೋರ್ಟ್ 2014ರಲ್ಲಿ ರದ್ದು ಮಾಡಿತು. 2020ರಲ್ಲಿ ಗಣಿ ಕಾಯ್ದೆಗೆ ತಿದ್ದುಪಡಿ ಬಂದ ಮೇಲೆ ಗಣಿಯ ಅನುಭವವೂ ಬೇಕಿಲ್ಲ, ಕಾರ್ಖಾನೆಯೂ ಬೇಕಿಲ್ಲ. ತೆಗೆದ ಕಲ್ಲಿದ್ದಲನ್ನು ಹೊರಗೆ ಮಾರಬಹುದು.

ಆದರೆ ಹರಾಜಿಗೆ ಬರುವವರು ಕಂಪನಿ ಕಾಯ್ದೆಯ ಪ್ರಕಾರ ಕಂಪನಿಯೇ ಆಗಿರಬೇಕು. ಪಾರ್ಟ್ನರ್‌ಶಿಪ್, ಎಲ್‌ಎಲ್‌ಪಿ (ಸೀಮಿತ ಹೊಣೆಯ ಪಾಲುದಾರಿಕೆ) ನಡೆಯುವುದಿಲ್ಲ. ಇನ್ನೊಂದನ್ನೂ ಈಗಲೇ ಹೇಳಿಬಿಡುತ್ತೇನೆ. ಕಂಪನಿ ನೋಂದಾಯಿಸಿದ ಮಾತ್ರಕ್ಕೆ ಒಂದು ಬುಟ್ಟಿ ಕಲ್ಲಿದ್ದಲು ಅಗೆಯುವ ಹಕ್ಕೂ ಬರುವುದಿಲ್ಲ. ನೋಂದಣಿ ಸುಲಭ, ಖರ್ಚೂ ಕಡಿಮೆ. ಅದಕ್ಕೇ ಜನ ಅದನ್ನು ಸುಮ್ನೆ ಮುಗಿಸಿಬಿಡುತ್ತಾರೆ. ಆಗ ಬರೆದ ನಾಲ್ಕು ಸಾಲು ಮುಂದೆ ಹರಾಜಿನಲ್ಲಿ, ಬ್ಯಾಂಕಿನಲ್ಲಿ ಕಾಲಿಗೆ ತೊಡರುತ್ತದೆ.

ಯಾರು ಯಾರು ಬೇಕು?

ಪ್ರೈವೇಟ್ ಲಿಮಿಟೆಡ್‌ಗೆ ಇಬ್ಬರು ಷೇರುದಾರರು, ಇಬ್ಬರು ಡೈರೆಕ್ಟರ್‌ಗಳು ಸಾಕು. ಅವರೇ ಇವರೂ ಆಗಬಹುದು. ಪಬ್ಲಿಕ್ ಲಿಮಿಟೆಡ್ ಆದರೆ ಏಳು ಷೇರುದಾರರು, ಮೂರು ಡೈರೆಕ್ಟರ್‌ಗಳು. ಶುರುವಿಗೆ ಪ್ರೈವೇಟ್ ಸಾಕು ಎನ್ನುವುದು ನನ್ನ ಅಭಿಪ್ರಾಯ.

ಒಬ್ಬ ಡೈರೆಕ್ಟರ್ ಆದರೂ ಹಣಕಾಸು ವರ್ಷದಲ್ಲಿ 182 ದಿನ ಭಾರತದಲ್ಲಿ ಇರುವವನಾಗಬೇಕು. ದುಬೈಯಲ್ಲಿರುವ ತಮ್ಮನೂ ಪಾಲುದಾರನಾಗಬಹುದು, ತೊಂದರೆ ಇಲ್ಲ. ಅವನ ಕಾಗದಗಳಿಗೆ ಅಲ್ಲಿಯ ನೋಟರಿ, ನಮ್ಮ ದೂತಾವಾಸದ ಮುದ್ರೆ ಬೇಕಾಗುತ್ತದೆ. ಆ ಕೆಲಸ ಮೊದಲೇ ಶುರು ಮಾಡಿಸಿ, ಜಾಸ್ತಿ ತಡವಾಗುವುದು ಅಲ್ಲೇ.

ಎಲ್ಲರಿಗೂ ಮೂರನೇ ದರ್ಜೆಯ ಡಿಜಿಟಲ್ ಸಹಿ ಬೇಕು. ಡೈರೆಕ್ಟರ್ ಸಂಖ್ಯೆ, ಅಂದರೆ ಡಿನ್ ಇಲ್ಲದವರಿದ್ದರೆ ಮೂವರ ತನಕ ಅದೇ ನೋಂದಣಿ ಅರ್ಜಿಯಲ್ಲಿ ಸಿಗುತ್ತದೆ.

ಹೆಸರು

ಕಂಪನಿ ವ್ಯವಹಾರಗಳ ಸಚಿವಾಲಯದ ಪೋರ್ಟಲ್‌ನಲ್ಲಿ ಸ್ಪೈಸ್ ಪ್ಲಸ್ ಎನ್ನುವ ಅರ್ಜಿ ಇದೆ. ಅದರ 'ಎ' ಭಾಗ ಹೆಸರಿಗೆ, 'ಬಿ' ಭಾಗ ನೋಂದಣಿಗೆ. ಎರಡು ಹೆಸರು ಕೊಡಬಹುದು, ಶುಲ್ಕ 1,000 ರೂಪಾಯಿ. ಒಪ್ಪಿಗೆ ಸಿಕ್ಕಿದ ಹೆಸರು 20 ದಿನ ನಿಮ್ಮದು. ಅಷ್ಟರಲ್ಲಿ 'ಬಿ' ಭಾಗ ಹಾಕಬೇಕು.

ಗಣಿ ಅಂದ ಕೂಡಲೇ ಎಲ್ಲರಿಗೂ ದೊಡ್ಡ ಹೆಸರಿನ ಆಸೆ. 'ನ್ಯಾಷನಲ್', 'ಸೆಂಟ್ರಲ್' ಎಂದೆಲ್ಲ ಬರೆಯುತ್ತಾರೆ. ಆ ಪದಗಳಿಗೆ ಕೇಂದ್ರ ಸರ್ಕಾರದ ಅನುಮತಿ ಬೇಕು. 'ವೆಸ್ಟರ್ನ್ ಕೋಲ್‌ಫೀಲ್ಡ್ಸ್' ನಾಗಪುರದಲ್ಲಿ ಆಗಲೇ ಇದೆ, ಕೋಲ್ ಇಂಡಿಯಾದ ಅಂಗ ಕಂಪನಿ. ಸ್ಪೆಲ್ಲಿಂಗ್ ಬದಲಿಸಿ, ಕೊನೆಗೊಂದು 'ಎಸ್' ಸೇರಿಸಿ ಬೇರೆ ಹೆಸರು ಅಂದರೆ ಒಪ್ಪುವುದಿಲ್ಲ. ಮನೆದೇವರ ಹೆಸರಿಟ್ಟರೂ ಟ್ರೇಡ್‌ಮಾರ್ಕ್ ಹುಡುಕಿ ನೋಡಿ. ಒಂದೇ ದೇವರಿಗೆ ಒಕ್ಕಲು ಬಹಳ, ಅಲ್ವಾ?

ಉದ್ದೇಶ: ಇಲ್ಲಿ ನಿಧಾನ ಮಾಡಿ

ಮೆಮೊರಂಡಮ್, ಅಂದರೆ ಕಂಪನಿಯ ಮೂಲ ದಾಖಲೆಯಲ್ಲಿ, ಕಂಪನಿ ಏನು ಮಾಡುತ್ತದೆ ಎಂದು ಬರೆಯುವ ಕಲಂ ಇದೆ. ಹಳೇ ಟ್ರೇಡಿಂಗ್ ಕಂಪನಿಯ ಕಲಂ ನಕಲು ಹೊಡೆದು, 'ಎಲ್ಲ ಬಗೆಯ ಖನಿಜಗಳ ವ್ಯಾಪಾರ' ಎಂದು ಬರೆದು ಕೈತೊಳೆದುಕೊಳ್ಳುವವರಿದ್ದಾರೆ. ವ್ಯಾಪಾರ ಬೇರೆ, ಗಣಿಗಾರಿಕೆ ಬೇರೆ. ಸಾಲ ಕೊಡುವ ಬ್ಯಾಂಕ್ ಮೊದಲು ಓದುವುದು ಇದನ್ನೇ.

ಬಿಡಿಸಿ ಬರೆಯಿರಿ. ಕಲ್ಲಿದ್ದಲು ಹುಡುಕುವುದು, ಗಣಿ ಗುತ್ತಿಗೆ ಪಡೆಯುವುದು, ಅಗೆಯುವುದು, ತೊಳೆಯುವುದು, ಸಾಗಿಸುವುದು, ಮಾರುವುದು. ಇದರ ಜೊತೆಗೆ ಬೇರೆಯವರ ಗಣಿಯನ್ನು ಗುತ್ತಿಗೆಯ ಮೇಲೆ ನಡೆಸಿಕೊಡುವುದನ್ನೂ ಸೇರಿಸಿ. ಹರಾಜು ಗೆಲ್ಲದಿದ್ದರೆ ಕೈಯಲ್ಲಿ ಕೆಲಸ ಇರುತ್ತದೆ. ನಮ್ಮ ಕರ್ನಾಟಕದ ವಿದ್ಯುತ್ ನಿಗಮ ಕೆಪಿಸಿಎಲ್‌ಗೆ ಸಿಕ್ಕಿರುವ ಬಾರಂಜ್ ಗಣಿ ಇರುವುದು ಚಂದ್ರಾಪುರ ಜಿಲ್ಲೆಯ ಭದ್ರಾವತಿ ತಾಲ್ಲೂಕಿನಲ್ಲೇ. (ಹೌದು, ಅಲ್ಲೂ ಒಂದು ಭದ್ರಾವತಿ ಇದೆ.) ಸರ್ಕಾರಿ ಸಂಸ್ಥೆಗಳು ತಮ್ಮ ಗಣಿಗಳನ್ನು ಹೀಗೆ ಗುತ್ತಿಗೆದಾರರಿಂದ ನಡೆಸುವುದು ಹೊಸದೇನಲ್ಲ.

ಆರ್ಟಿಕಲ್ಸ್, ಅಂದರೆ ಕಂಪನಿಯ ಒಳ ನಿಯಮಗಳಿಗೆ ಕಾಯ್ದೆಯಲ್ಲೇ ಸಿದ್ಧ ಮಾದರಿ ಇದೆ, 'ಟೇಬಲ್ ಎಫ್'. ಚಿಕ್ಕ ಕಂಪನಿಗೆ ಅಷ್ಟು ಸಾಕು. ಭಾವ, ಮೈದುನ, ಊರಿನ ಗೆಳೆಯ ಎಲ್ಲ ಸೇರಿದ ಕಂಪನಿಗೆ ಸಾಲದು. ಒಬ್ಬ ಹೊರಗೆ ಹೋಗಬೇಕೆಂದರೆ ಷೇರು ಯಾರಿಗೆ, ಯಾವ ಬೆಲೆಗೆ? ಹೊಸ ಬಂಡವಾಳ ಹಾಕಲು ಒಬ್ಬನಿಗೆ ಆಗದಿದ್ದರೆ? ಗಣಿಯಲ್ಲಿ ಹಣ ಹಾಕಿದ ಎಷ್ಟೋ ವರ್ಷದ ಮೇಲೆ ಆದಾಯ ಬರುವುದು. ಆ ಮಧ್ಯೆ ಸಂಬಂಧ ಹಳಸುವುದೇ ಜಾಸ್ತಿ. ಈ ಮಾತುಗಳನ್ನು ಒಳ್ಳೆಯ ದಿನಗಳಲ್ಲೇ ಬರೆದಿಡಿ.

ಬಂಡವಾಳ, ವಿಳಾಸ

ಕನಿಷ್ಠ ಬಂಡವಾಳದ ನಿಯಮ 2015ರಲ್ಲೇ ಹೋಯಿತು. ಅಧಿಕೃತ ಬಂಡವಾಳ, ಅಂದರೆ ಕಂಪನಿ ಹೆಚ್ಚೆಂದರೆ ಕೊಡಬಹುದಾದ ಷೇರುಗಳ ಮೊತ್ತ, 15 ಲಕ್ಷದೊಳಗಿದ್ದರೆ ನೋಂದಣಿ ಶುಲ್ಕ ಇಲ್ಲ. ಮಹಾರಾಷ್ಟ್ರದ ಮುದ್ರಾಂಕ ಶುಲ್ಕ ಮಾತ್ರ ಕಟ್ಟಲೇಬೇಕು. ಬಂಡವಾಳ ಏರಿದಂತೆ ಅದೂ ಏರುತ್ತದೆ. ಜಂಬಕ್ಕೆ ಕೋಟಿಗಟ್ಟಲೆ ತೋರಿಸಬೇಡಿ. ಹರಾಜಿನ ಹೊತ್ತಿಗೆ ಏರಿಸಿಕೊಳ್ಳಬಹುದು.

ವಿಳಾಸಕ್ಕೆ ಲೈಟ್ ಬಿಲ್ ಬೇಕು, ಎರಡು ತಿಂಗಳಿಗಿಂತ ಹಳೆಯದಲ್ಲ. ಜೊತೆಗೆ ಮಾಲೀಕರ ಒಪ್ಪಿಗೆ ಪತ್ರ. ಬಾಡಿಗೆ ಜಾಗವಾದರೆ ಲೀವ್ ಅಂಡ್ ಲೈಸೆನ್ಸ್ ಕರಾರು. ಮನೆಯ ವಿಳಾಸ ಕೊಟ್ಟರೂ ನಡೆಯುತ್ತದೆ. ಆದರೆ ಕಂಪನಿಯ ಬೋರ್ಡ್ ಹೊರಗೆ ಕಾಣಬೇಕು ಎಂದು ಕಾಯ್ದೆ ಹೇಳುತ್ತದೆ, ಅದೂ ಸ್ಥಳೀಯ ಭಾಷೆಯ ಅಕ್ಷರದಲ್ಲೂ ಇರಬೇಕು. ಅಂದರೆ ಇಲ್ಲಿ ಮರಾಠಿ. ಬೋರ್ಡ್ ಏರಿದ ದಿನ ಸೊಸೈಟಿ ಸೆಕ್ರೆಟರಿ ಬಾಗಿಲು ತಟ್ಟುತ್ತಾರೆ, ಅವರಿಗೆ ಮೊದಲೇ ಹೇಳಿಡಿ. ಗಣಿ ಜಾರ್ಖಂಡ್‌ನಲ್ಲಿದ್ದರೂ ಕಚೇರಿ ಮುಂಬೈಯಲ್ಲಿರಬಹುದು. ಮುಂದೆ ಕಚೇರಿಯನ್ನೇ ಬೇರೆ ರಾಜ್ಯಕ್ಕೆ ಒಯ್ಯುವುದು ಮಾತ್ರ ಉದ್ದದ ಕೆಲಸ.

ಅರ್ಜಿ ಹೋದ ಮೇಲೆ

ಅರ್ಜಿಗೆ ಸಿಎ, ಸಿಎಸ್ (ಕಂಪನಿ ಸೆಕ್ರೆಟರಿ), ಕಾಸ್ಟ್ ಅಕೌಂಟೆಂಟ್ ಅಥವಾ ವಕೀಲರ ದೃಢೀಕರಣ ಬೇಕು. ಅದನ್ನು ನೋಡುವುದು ಮರೀನ್ ಡ್ರೈವ್‌ನ ಆರ್‌ಒಸಿ (ಕಂಪನಿ ರಿಜಿಸ್ಟ್ರಾರ್) ಕಚೇರಿಯವರಲ್ಲ, ಹರಿಯಾಣದ ಮಾನೇಸರ್‌ನಲ್ಲಿರುವ ಕೇಂದ್ರದವರು. ಆದ್ದರಿಂದ ಕಚೇರಿಗೆ ಅಲೆದು ಪ್ರಯೋಜನ ಇಲ್ಲ. ಎಲ್ಲ ಸರಿಯಿದ್ದರೆ ಪ್ಯಾನ್, ಟ್ಯಾನ್ (ತೆರಿಗೆ ಕಡಿತದ ಸಂಖ್ಯೆ), ಪಿಎಫ್, ಇಎಸ್‌ಐ, ಪ್ರೊಫೆಷನಲ್ ಟ್ಯಾಕ್ಸ್ ಎಲ್ಲ ಒಟ್ಟಿಗೆ ಬರುತ್ತವೆ. ಗುಮಾಸ್ತಾ ಲೈಸೆನ್ಸ್, ಅಂದರೆ ಅಂಗಡಿ-ಕಚೇರಿಗಳ ನೋಂದಣಿ, ಬೇರೆಯೇ ಮಾಡಿಸಬೇಕು.

ಪ್ರಮಾಣಪತ್ರದಲ್ಲಿ 21 ಅಕ್ಷರ-ಅಂಕಿಗಳ ಸಿಐಎನ್, ಅಂದರೆ ಕಂಪನಿಯ ಗುರುತಿನ ಸಂಖ್ಯೆ ಇರುತ್ತದೆ. ಕೋಲ್ ಇಂಡಿಯಾದ್ದನ್ನು ನೋಡಿ: ಎಲ್ 23109 ಡಬ್ಲ್ಯುಬಿ 1973 ಜಿಒಐ 028844. 'ಎಲ್' ಅಂದರೆ ಷೇರುಪೇಟೆಯಲ್ಲಿರುವ ಕಂಪನಿ, ಮುಂದಿನ ಐದು ಅಂಕಿ ಉದ್ಯಮದ್ದು, 'ಡಬ್ಲ್ಯುಬಿ' ಪಶ್ಚಿಮ ಬಂಗಾಳ, 'ಜಿಒಐ' ಭಾರತ ಸರ್ಕಾರ. ಕೋಲ್ ಇಂಡಿಯಾ ಎಂಬ ಹೆಸರು ಬಂದದ್ದು 1975ರಲ್ಲಿ. ಆದರೆ ಕೋಲ್ ಮೈನ್ಸ್ ಅಥಾರಿಟಿ ಎಂದು ಹುಟ್ಟಿದ 1973 ಇವತ್ತಿಗೂ ಅಲ್ಲಿದೆ. ನಿಮ್ಮದು 'ಯು' (ಷೇರುಪೇಟೆಯಲ್ಲಿಲ್ಲದ ಕಂಪನಿ) ಇಂದ ಶುರುವಾಗಿ, ನಡುವೆ 'ಎಂಎಚ್' (ಮಹಾರಾಷ್ಟ್ರ), 'ಪಿಟಿಸಿ' (ಪ್ರೈವೇಟ್ ಕಂಪನಿ) ಎಂದು ಬರುತ್ತದೆ.

ಆಮೇಲಿನ ಗಡುವುಗಳು ಮುಖ್ಯ. 30 ದಿನದಲ್ಲಿ ಮೊದಲ ಬೋರ್ಡ್ ಸಭೆ, ಮೊದಲ ಆಡಿಟರ್ ನೇಮಕ. 180 ದಿನದಲ್ಲಿ ಐಎನ್‌ಸಿ-20ಎ, ಅಂದರೆ ಷೇರಿನ ಹಣ ಬಂದಿದೆ ಎನ್ನುವ ಘೋಷಣೆ. ಅದು ಆಗುವ ತನಕ ವ್ಯವಹಾರವೂ ಇಲ್ಲ, ಸಾಲವೂ ಇಲ್ಲ. ತಪ್ಪಿದರೆ ಕಂಪನಿಗೆ 50,000 ದಂಡ, ಡೈರೆಕ್ಟರ್‌ಗಳಿಗೆ ಬೇರೆ. ಪ್ರತಿಯೊಬ್ಬರ ಷೇರಿನ ಹಣ ಅವರವರ ಖಾತೆಯಿಂದಲೇ ಬರಲಿ. ಅಣ್ಣನ ಖಾತೆಯಿಂದ ಎಲ್ಲರ ಪರವಾಗಿ ಹಾಕಿದರೆ ಲೆಕ್ಕ ವಿವರಿಸುತ್ತಾ ಕೂರಬೇಕು.

ಗಣಿಯ ಕಡೆಗೆ

ಹರಾಜು ನಡೆಸುವುದು ಕಲ್ಲಿದ್ದಲು ಸಚಿವಾಲಯ, ಎಂಎಸ್‌ಟಿಸಿ ಎನ್ನುವ ಸರ್ಕಾರಿ ಕಂಪನಿಯ ಪೋರ್ಟಲ್‌ನಲ್ಲಿ. ಸರ್ಕಾರಕ್ಕೆ ಆದಾಯದಲ್ಲಿ ಎಷ್ಟು ಪಾಲು ಕೊಡುತ್ತೀರಿ ಎನ್ನುವುದೇ ಬಿಡ್, ಶೇ 4ರಿಂದ ಶುರು. ಗೆದ್ದರೆ ಮುಂಗಡ ಹಣ, ಬ್ಯಾಂಕ್ ಗ್ಯಾರಂಟಿ, ಒಪ್ಪಂದ, ಗಣಿ ಯೋಜನೆ, ಪರಿಸರ ಅನುಮತಿ, ಕಾಡಿದ್ದರೆ ಅರಣ್ಯ ಅನುಮತಿ, ಗಣಿ ಗುತ್ತಿಗೆ. ರಾಯಧನ ಶೇ 14 ಬೇರೆ. ಅದೊಂದು ಪ್ರತ್ಯೇಕ ಲೇಖನದ ವಿಷಯ.

ನೋಂದಣಿಗೆ ಸಂಬಂಧಪಟ್ಟ ಒಂದು ವಿಷಯ ಮಾತ್ರ ಇಲ್ಲೇ ಹೇಳಬೇಕು. ಕಂಪನಿಯ ಜೊತೆ ತಾನಾಗಿ ಬಂದ ಪಿಎಫ್ ಸಂಖ್ಯೆ ಮುಂಬೈ ಕಚೇರಿಯ ಸಿಬ್ಬಂದಿಗೆ ಸರಿ. ಗಣಿಯ ಕಾರ್ಮಿಕರಿಗೆ 1948ರ ಕಾಯ್ದೆಯಡಿ ಬೇರೆಯೇ ಭವಿಷ್ಯ ನಿಧಿ ಇದೆ, ಅದರ ಕೇಂದ್ರ ಕಚೇರಿ ಧನಬಾದ್‌ನಲ್ಲಿ. ಮೊದಲ ಕಾರ್ಮಿಕನನ್ನು ಸೇರಿಸಿಕೊಳ್ಳುವ ಮುಂಚೆ ಅಲ್ಲಿಗೆ ಅರ್ಜಿ ಹೋಗಿರಲಿ.